ಆರು ವಾರದ ಸೂಜಿ

ಅಪ್ಪಾ,

ತೀರಿಹೋದವರಿಗೆ ಬರೆಯುವಾಗ ಕ್ಷೇಮ ಸಮಾಚಾರ ಕೇಳುವ ತೊಂದರೆಯಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಇವತ್ತು ವಾರ್ಡಿನಲ್ಲಿ ಬಸ್ ಡ್ರೈವರ್ ಒಬ್ಬನ ಜೊತೆ ಜಗಳವಾಯಿತು. ಅವನಿಗೂ ನಿನ್ನದೇ ಕಾಯಿಲೆ. ಸಕ್ಕರೆ ಕಾಯಿಲೆಯ ಮೈ, ಕಿವಿಯ ಸೋಂಕು ಮೂಳೆಗೆ ಇಳಿದಿದೆ. ಆರು ವಾರ ನರದೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು. ಮಹಾಶಯ ಮೂರನೇ ವಾರಕ್ಕೇ ತಕರಾರು ಶುರು ಮಾಡಿದ.

"ನೋವು ಹೋಗಿ ನಾಲ್ಕು ದಿನ ಆಯ್ತು ಸಿಸ್ಟರ್. ಸೂಜಿ ತೆಗೀರಿ, ಮನೆಗೆ ಹೋಗ್ತೀನಿ."

"ನೋವು ಹೋದ್ರೂ ಮೂಳೇಲಿ ಸೋಂಕು ಕೂತಿದೆ. ಅರ್ಧ ದಾರೀಲಿ ಬಸ್ ಬಿಟ್ಟು ಇಳೀತೀರಾ ನೀವು?" ಎಂದು ಗದರಿದೆ.

ನಿನಗೆ ಮನೆಯಲ್ಲಿ ನಾನೇ ಔಷಧ ಏರಿಸುತ್ತಿದ್ದೆ. ಮೂರನೇ ವಾರ ನೀನು ರಿಪೇರಿಗೆ ಬಂದಿದ್ದ ಕೈಗಡಿಯಾರವನ್ನು ಸೋಂಕಿದ್ದ ಕಿವಿಗೆ ಹಿಡಿದು ಕಣ್ಣರಳಿಸಿದೆ. "ಟಿಕ್ ಟಿಕ್ ಕೇಳಿಸ್ತಿದೆ ಕಣಮ್ಮ! ವಾಸಿ ಆಯ್ತು, ತೆಗಿ ಇದನ್ನ. ಅಂಗಡಿ ಬಾಗಿಲು ತೆಗೀಬೇಕು." ನಾನು ಸೂಜಿ ತೆಗೆದೆ. ಹತ್ತಿ ಒತ್ತಿ ಹಿಡಿದಿದ್ದೆ. ನಿನಗೆ ಸ್ವಲ್ಪವೂ ನೋವಾಗಲಿಲ್ಲ.

ಎರಡು ತಿಂಗಳಲ್ಲಿ ಸೋಂಕು ಮುಖದ ನರಕ್ಕೂ ಹಬ್ಬಿ ನಿನ್ನ ಬಾಯಿ ಒಂದು ಕಡೆಗೆ ವಾಲಿತು. ಆಮೇಲಿನದು ನಿನಗೇ ಗೊತ್ತು.

ಡ್ರೈವರ್ ಬಿಡಲಿಲ್ಲ. "ನಿಮ್ಮಪ್ಪ ಕೇಳಿದ್ರೂ ಹೀಗೇ ಗದರ್ತಿದ್ರಾ?"

"ಇಲ್ಲ. ತೆಗೆದುಬಿಡ್ತಿದ್ದೆ."

ತಮಾಷೆ ಎಂದುಕೊಂಡು ಆತ ಗಹಗಹಿಸಿ ನಕ್ಕ. ನಗುತ್ತಲೇ, ಮುಂದಿನ ಬಾಟಲಿ ಏರಿಸಲೆಂದು ಸೂಜಿಯ ಕೈ ಚಾಚಿ ಮಲಗಿದ.