ನಮ್ಮ ಮಗಳೊಬ್ಬಳನ್ನು ಬಿಟ್ಟು

ರೀ ಕೋಚ್ ಸಾಹೇಬರೇ,

ಊಟ ಮೇಜಿನ ಮೇಲೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನಿ. ನಿನ್ನೆ ಬಹುಮಾನ ಹಂಚಿ ಹಂಚಿ ಕೈ ಸೋತಿರಬೇಕು.

ನಿಮ್ಮ ಶಿಬಿರದಿಂದ ಯಾವ ಮಗುವೂ ಬರಿಗೈಲಿ ಹೋಗಬಾರದು ಅಂದಿರಿ, ಒಪ್ಪಿದೆ. ಚೆಂಡು ಕಂಡರೆ ಎರಡೂ ಕಣ್ಣು ಮುಚ್ಚುತ್ತಿದ್ದ ಟೈಲರ್ ಮಗ ಈಗ ಒಂದು ಕಣ್ಣು ಬಿಡುತ್ತಾನೆ. ಅವನಿಗೆ ಮೆಡಲ್ ಕೊಟ್ಟಿದ್ದು ಸರಿಯೇ. ನೀರಿನ ಬಾಟಲಿ ಮರೆಯದೆ ತಂದವನಿಗೂ ಒಂದು ಕಪ್. ಆದರೆ ವರ್ಷವಿಡೀ ಹಿತ್ತಲ ಗೋಡೆಗೆ ಚೆಂಡೆಸೆದು ಲೆಗ್ ಸ್ಪಿನ್ ಕಲಿತ ನಮ್ಮ ಪುಟ್ಟಿಗೆ ಮಾತ್ರ ಏನೂ ಇಲ್ಲ. ಕೇಳಿದರೆ, "ಸ್ವಂತ ಮಗಳಿಗೆ ಕೊಟ್ರೆ ಜನ ಏನಂತಾರೆ?" ಊರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕಂಡಿದ್ದೆ. ನೀವು ನಮ್ಮದನ್ನೇ ತಳ್ಳಿ ದೊಡ್ಡ ಮನುಷ್ಯರೆನಿಸಿಕೊಂಡಿರಿ.

ಅವಳು ಅಳಲಿಲ್ಲ. ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದಳು: "ಅಮ್ಮಾ, ನಾನು ಟೈಲರ್ ಅಂಕಲ್ ಮಗಳಾಗಿದ್ರೆ ಅಪ್ಪ ನನ್ನ ಬೌಲಿಂಗ್ ನೋಡ್ತಿದ್ರಾ?"

ಅದಕ್ಕೇ ಅವಳನ್ನು ಸೇತುವೆಯಾಚೆಯ ಮೈದಾನದ ಶಿಬಿರಕ್ಕೆ ಸೇರಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿನ ಕೋಚ್‌ಗೆ ಅವಳು ಯಾರ ಮಗಳೂ ಅಲ್ಲ.

ಹಾಲು ಒಲೆಯ ಮೇಲಿದೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಅವಳ ಟೋಪಿ ಹಗ್ಗದ ಮೇಲಿದೆ, ಇನ್ನೂ ಒಣಗಿರಲಿಲ್ಲ; ನೀವೇ ತಂದುಕೊಡಿ. ಸೀಟಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಅಲ್ಲಿ ಅಪ್ಪಂದಿರು ಬೇಲಿಯ ಹೊರಗೆ ನಿಂತು ಮಗಳಿಗೆ ಚಪ್ಪಾಳೆ ತಟ್ಟಿದರೆ ಜನ ಏನೂ ಅನ್ನುವುದಿಲ್ಲವಂತೆ.