ಇಪ್ಪತ್ತು ತೊಟ್ಟಿಲು, ಇಪ್ಪತ್ತು ರೊಟ್ಟಿ

ಮಾರ್ಚ್ 5, 2018, ಸೋಮವಾರ

ಹದಿಮೂರನೆಯ ತೊಟ್ಟಿಲಿಗೆ ಹಳದಿ ಬಳಿದಾಯಿತು. ಕೆಂಪು ಹೂವು ನಾಳೆ. ಬೆರಳ ತುಂಬ ವಾರ್ನಿಷ್ — ಮಧ್ಯಾಹ್ನದ ಪಲಾವ್‌ಗೂ ಅದರದೇ ವಾಸನೆ. ಇವರು ಮಾತಾಡದೆ ಉಂಡೆದ್ದರು, ಪುಣ್ಯಾತ್ಮರು.

ಸಂಜೆ ಮೈದುನ ದಾವ್ರಾನ್ ಬಂದ. ಕೈಯಲ್ಲಿ ಟೇಪು. ಶೆಡ್ಡಿನ ಗೋಡೆ ಅಳೆದ, ಬಾಗಿಲು ಅಳೆದ. ಅವನ ಪ್ಲಾಸ್ಟಿಕ್ ಕಿಟಕಿಗಳನ್ನು ಇಡಲು ಜಾಗ ಬೇಕಂತೆ. ಲೇತ್ ಎತ್ತಿ ಹೊರಗಿಟ್ಟರೆ ಸಾಕಂತೆ. ಮಾವ ಐವತ್ತು ವರ್ಷ ತೊಟ್ಟಿಲ ಕಾಲು ಕಡೆದ ಲೇತ್!

"ಅತ್ತಿಗೆ, ಅಂದಿಜಾನ್‌ನಲ್ಲಿ ಬೀದಿಗೊಬ್ಬ ತೊಟ್ಟಿಲು ಮಾಡೋನಿದಾನೆ. ಯಾರಿಗೆ ಮಾರ್ತೀರಾ?"

"ಆಚೆ ಓಶ್‌ನೋರಿಗೆ. ಗಡಿ ತೆಗ್ದಿಲ್ವಾ?"

"ತೆಗ್ದಿದೆ. ಕಾಗದ ಪತ್ರ ಮಾಡ್ಸೋರು ಯಾರು, ನೀವಾ?"

ನಾನೇ ಅಂದೆ. ಮಾವ ಉಳಿ ಕೆಳಗಿಟ್ಟರು.

"ಜಗಳ ಬೇಡ. ಈ ಲೋಡು ಆಚೆ ಹೋಗಿ ಮಾರಾಟ ಆದ್ರೆ ಲೇತ್ ಇರುತ್ತೆ. ವಾಪಸ್ ಬಂದ್ರೆ ಒಂದನೇ ತಾರೀಖು ನಾನೇ ಬಿಚ್ತೀನಿ."

ಅವರು ಆಡಿದರೆ ಆಡಿದಂತೆಯೇ.

ಮಾರ್ಚ್ 14, ಬುಧವಾರ

ಕಾಗದ ಕೈಗೆ ಬಂತು. ಒಂಬತ್ತು ದಿನ, ನಾಲ್ಕು ಕಚೇರಿ, ಏಳು ಸಹಿ. ಮಗುವಿನ ಉಚ್ಚೆಯನ್ನು ತೊಟ್ಟಿಲ ಕೆಳಗಿನ ಕುಡಿಕೆಗೆ ಇಳಿಸುವ ಮರದ ಕೊಳವೆಯನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯುವುದೆಂದು ಗುಮಾಸ್ತ ಅರ್ಧ ಗಂಟೆ ತಲೆ ಕೆರೆದುಕೊಂಡ. ಕೊನೆಗೆ ನಾವು ಕರೆಯುವಂತೆಯೇ ಬರೆದ: ತೊಟ್ಟಿಲು, ಮರದ್ದು — 20. ಸುಮಕ್, ಮರದ್ದು — 20.

ಓಶ್‌ನಿಂದ ನಮ್ಮ ತೊಟ್ಟಿಲು ಮಾರಲು ಒಪ್ಪಿದ ಅಂಗಡಿಯ ಅನಾರ್‌ಕುಲ್ ಫೋನ್.

"ಅಕ್ಕಾ, ನವ್ರೂಜ್ ಹಬ್ಬಕ್ಕೆ ಮುಂಚೆ ಬರ್ಲೇಬೇಕು. ಹಬ್ಬ ಕಳೀತು ಅಂದ್ರೆ ನಂಗೆ ಬೇಡವೇ ಬೇಡ. ಸುಮಕ್ ಹತ್ತು ಗಂಡು ಮಗೂಗೆ, ಹತ್ತು ಹೆಣ್ಣು ಮಗೂಗೆ — ಮರೀಬೇಡಿ!"

ಬುಧವಾರ ಹಬ್ಬ. ಇನ್ನು ಒಂದೇ ವಾರ.

ಮಾರ್ಚ್ 16, ಶುಕ್ರವಾರ, ಬೆಳಿಗ್ಗೆ 6

ಲಾರಿ ತುಂಬಿತು. ಓಡಿಸುವವರು ಇವರೇ. ಸುಮಕ್‌ಗಳೆಲ್ಲ ಒಂದು ಗೋಣಿಚೀಲದಲ್ಲಿ.

ಹೊರಡುವ ಹೊತ್ತಿಗೆ ಮಾವನ ನೇಮ! ತಂದೂರಿನಿಂದ ಇಪ್ಪತ್ತು ರೊಟ್ಟಿ ತೆಗೆಸಿ ತೊಟ್ಟಿಲಿಗೊಂದರಂತೆ ಮಲಗಿಸಿದರು. ಖಾಲಿ ತೊಟ್ಟಿಲು ತೂಗಬಾರದು. ತೂಗಿದರೆ ಅದರಲ್ಲಿ ಮಲಗುವ ಮಗುವಿಗೆ ಒಳ್ಳೆಯದಲ್ಲ. ಪಕ್ಕದ ಮನೆಗೆ ಕೊಟ್ಟರೂ ಒಳಗೆ ರೊಟ್ಟಿ ಇಟ್ಟೇ ಕೊಡುವವರು.

"ಮಾವ, ಇದು ವ್ಯಾಪಾರ. ಇದಕ್ಕೂ ಬೇಕಾ?"

"ವ್ಯಾಪಾರ ನಿಂದು, ಮುಹಯ್ಯೊ. ಮಲಗೋ ಮಗು ಯಾರದ್ದೋ."

ಮುದುಕರ ಹಟ. ಲಾರಿ ಹತ್ತಿದೆ.

ಅದೇ ದಿನ, 11 ಗಂಟೆ, ಗಡಿ ಗೇಟು

ಸಿಕ್ಕಿಬಿದ್ದೆವು. ತಪ್ಪು ನನ್ನದೇ — ಏಳು ಸಹಿ ಹಾಕಿಸಿದವಳಿಗೆ ರೊಟ್ಟಿಯ ನೆನಪಾಗಲಿಲ್ಲ.

"ಅಮ್ಮಾ, ಪಟ್ಟೀಲಿ ರೊಟ್ಟಿ ಎಲ್ಲಿದೆ? ತಿನ್ನೋ ಪದಾರ್ಥಕ್ಕೆ ಬೇರೆ ಸರ್ಟಿಫಿಕೇಟ್ ಬೇಕು."

"ತಿನ್ನೋಕಲ್ಲಪ್ಪಾ. ತೊಟ್ಟಿಲು ಖಾಲಿ ಇರಬಾರ್ದು ಅಂತ…"

"ಗೊತ್ತಮ್ಮಾ. ನಮ್ಮಜ್ಜೀನೂ ಹಾಗೇ ಇಡ್ತಿದ್ಲು. ಆದ್ರೆ ಅವಳು ಗಡಿ ದಾಟಿಸ್ತಿರ್ಲಿಲ್ಲ." ಚಿಕ್ಕ ವಯಸ್ಸಿನ ಅಧಿಕಾರಿ. ದನಿಯೇನೋ ಮೆತ್ತಗೆ. "ರೊಟ್ಟಿ ಇಳ್ಸಿ. ಇಲ್ಲಾಂದ್ರೆ ಹೊಸ ಕಾಗದ ಮಾಡ್ಸಿ."

ಹೊಸ ಕಾಗದ ಅಂದರೆ ಮತ್ತೆ ಒಂಬತ್ತು ದಿನ. ಇಳಿಸಿದೆವು. ರೊಟ್ಟಿಯನ್ನು ಎಸೆಯುವಂತಿಲ್ಲ, ನೆಲಕ್ಕಿಡುವಂತಿಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಮುರಿದು ಹಂಚಿದೆ. ಆಚೆಯಿಂದ ಬಂದವರು, ಈಚೆಯಿಂದ ಹೊರಟವರು, ಗಂಟು ಹೊತ್ತ ಅಜ್ಜಿಯರು… "ಯಾರ ನಾಮಕರಣಮ್ಮಾ?" ಎಂದು ಒಬ್ಬಳು ಕೇಳಿದಳು. ನಗು ಬರಲಿಲ್ಲ.

ಇವರು ಇಂಜಿನ್ ಶುರು ಮಾಡಿದರು. ಹಿಂದೆ ತಿರುಗಿ ನೋಡಿದೆ. ಇಪ್ಪತ್ತು ತೊಟ್ಟಿಲೂ ಒಟ್ಟಿಗೆ ತೂಗುತ್ತಿವೆ. ಖಾಲಿ.

"ಆಫ್ ಮಾಡ್ರೀ!" ಕಿರುಚಿದ್ದು ನಾನೇ. ಬೆಳಿಗ್ಗೆ ಮುದುಕರ ಹಟ ಎಂದವಳು.

ಮಾವನಿಗೆ ಫೋನ್ ಮಾಡಿದೆ.

"ಹಾಗಿದ್ರೆ ಲಾರಿ ತಿರುಗ್ಸಿ, ತೊಟ್ಟಿಲಿಗೆ ಇನ್ನೊಂದೊಂದು ರೊಟ್ಟಿ ಕೊಂಡು ಇಟ್ಟು ವಾಪಸ್ ಬಾಮ್ಮಾ."

"ಲೇತ್, ಮಾವ?"

"ಬಿಚ್ತೀನಿ. ನೀನು ಅಳಬೇಡ."

ಅಳುತ್ತಿರುವುದು ಹೇಗೆ ಗೊತ್ತಾಯಿತೋ. ಲಾರಿಯ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ. ತಪಾಸಣೆಗೆ ಇಳಿಸಿದ್ದ ಗೋಣಿಚೀಲ ಬೆನ್ನಿಗೆ ಚುಚ್ಚುತ್ತಿದೆ. ಎದ್ದು ಸರಿಸಿ—

ಅಯ್ಯೋ ನನ್ನ ಬುದ್ಧಿಯೇ. ಸುಮಕ್!

ಸಂಜೆ 5, ಓಶ್

ದಾಟಿದೆವು!! ಪಟ್ಟಿಯಲ್ಲಿ ಇಪ್ಪತ್ತು ತೊಟ್ಟಿಲು, ಇಪ್ಪತ್ತು ಸುಮಕ್. ಚೀಲ ಬಿಚ್ಚಿ ರೊಟ್ಟಿಯ ಜಾಗದಲ್ಲಿ ತೊಟ್ಟಿಲಿಗೊಂದು ಸುಮಕ್ ಮಲಗಿಸಿದೆ, ಬಟ್ಟೆಪಟ್ಟಿ ಸುತ್ತಿ ಕಟ್ಟಿದೆ. ಅಧಿಕಾರಿ ಎಣಿಸಿದ. ಎರಡು ಥರ ಯಾಕಿವೆ ಎಂದ.

"ಮದ್ವೆ ಆಗಲಪ್ಪಾ, ತಿಳಿಯುತ್ತೆ." ಇವರು ಆ ಕಡೆ ತಿರುಗಿ ಕೆಮ್ಮಿದರು. ಹುಡುಗನ ಕಿವಿ ಕೆಂಪಾಯಿತು, ಸೀಲು ಬಿತ್ತು.

ಸೀಲು ಬಿದ್ದರೂ ಮಾವ ಒಪ್ಪದೆ ಹೊರಡುವ ಧೈರ್ಯ ನನಗಿರಲಿಲ್ಲ. ಮತ್ತೆ ಫೋನ್ ಮಾಡಿ ಹೇಳಿದೆ. ಬೈಗುಳಕ್ಕೆ ಕಾದೆ. ಬಂದದ್ದು ನಗು. ಅತ್ತೆ ಹೋದಮೇಲೆ ಅವರು ಹಾಗೆ ನಕ್ಕದ್ದನ್ನು ಕೇಳಿರಲಿಲ್ಲ.

"ಉಚ್ಚೆ ಕೊಳವೆ ಬಂತು ಅಂದ್ರೆ ಹಿಂದೇನೇ ಮಗೂನೂ ಬಂತು. ನಡೀರಿ, ನಡೀರಿ!"

ಮಾರ್ಚ್ 20, ಮಂಗಳವಾರ

ಅನಾರ್‌ಕುಲ್ ಫೋನ್. ಹದಿನೇಳು ಹೋದವಂತೆ. ಮೂರು ಉಳಿದಿವೆ. ಮಾವನಿಗೆ ಹೇಳಿದೆ. "ಹೂಂ" ಎಂದರು, ಅಷ್ಟೇ. ಮೂರೂ ಹೋಗಲಿ ದೇವರೇ.

ಏಪ್ರಿಲ್ 1, ಭಾನುವಾರ, ಬೆಳಿಗ್ಗೆ

ಹಬ್ಬದ ಹಿಂದಿನ ರಾತ್ರಿಯೇ ಮೂರೂ ಹೋಗಿದ್ದವು. ಬರೆಯಲು ಪುರುಸೊತ್ತೇ ಆಗಿಲ್ಲ — ಮೂವತ್ತಕ್ಕೆ ಆರ್ಡರ್! ಈ ಸಲ ಪಟ್ಟಿಯಲ್ಲಿ ನಾನೇ ಬರೆಸಿದೆ: ರೊಟ್ಟಿ, ತಂದೂರಿನದು — 30. ಸರ್ಟಿಫಿಕೇಟ್ ಸಮೇತ. ಗುಮಾಸ್ತ ಕೈಮುಗಿದ.

ಈಗಷ್ಟೇ ದಾವ್ರಾನ್ ಟೇಪು ಹಿಡಿದು ಬಂದ. ಒಂದನೇ ತಾರೀಖು ಅಲ್ಲವೇ. ಶೆಡ್ಡಿನ ಬಾಗಿಲಲ್ಲಿ ನಿಂತು ಲೇತ್ ತಿರುಗುವುದನ್ನೇ ನೋಡಿದ. ಮಾವ ಟೇಪು ಇಸಿದುಕೊಂಡು ಒಂದು ತುದಿಯನ್ನು ಅವನ ಕೈಗೇ ಕೊಟ್ಟರು.

"ಆ ಗೋಡೆಗೆ ಹಿಡಿ. ಇಲ್ಲಿ ಇನ್ನೊಂದು ಲೇತ್ ಹಿಡಿಸುತ್ತಾ ನೋಡೋಣ."

ಹಿಡಿದ! ಗೊಣಗಿಕೊಂಡೇ ಹಿಡಿದ. ಖುಷಿಗೆ ನನ್ನ ಹೂವೆಲ್ಲ ಸೊಟ್ಟ. ಮಾವ ಕೂಗುತ್ತಿದ್ದಾರೆ, ಎಷ್ಟು ಅಡಿ ಬಂತು ಬರ್ಕೊಳಮ್ಮಾ ಅಂತ. ಬೇರೆ ಕಾಗದವಿಲ್ಲ, ಇಲ್ಲೇ ಬರೆಯುತ್ತೇನೆ. ಉದ್ದ ಒಂಬತ್ತು, ಅಗಲ—