ಎರಡು ಪಂಪು, ನಡುವೆ ಹವಳ

ಮಾರ್ಚ್ 3, ಸೋಮವಾರ

‘ಎರಡು ಅಲೆ ಕೂಡಿದರೆ ಒಂದು ಕಡಲು…’ — ಹೀಗೇ ಇತ್ತೇ? ಮುಂದಿನ ಸಾಲು ಮರೆತಿದೆ. ಯಾರದ್ದೆಂಬುದೂ. ಬರೆದವರು ಮನೆಯಲ್ಲಿ ಅಕ್ವೇರಿಯಂ ಇಟ್ಟಿರಲಾರರು. ಎರಡು ಅಲೆ ಕೂಡಿದರೆ ನೆಲ ಒದ್ದೆ, ಅಷ್ಟೆ. ಬೆಳಗ್ಗೆಯಿಂದ ಒರೆಸಿದ್ದೇ ಒರೆಸಿದ್ದು.

ನೀರಲ್ಲಿ ಅಲೆ ಎಬ್ಬಿಸುವ ಹೊಸ ವೇವ್ ಪಂಪನ್ನು ಅಕ್ವೇರಿಯಂನ ಬಲಗಡೆಯ ಗಾಜಿಗೆ ಕೂರಿಸಿದೆ, ಹಳೆಯದರ ಎದುರಿಗೆ. ಆಯಸ್ಕಾಂತದ ನಡುವೆ ಬೆರಳು ಸಿಕ್ಕಿ ಉಗುರು ಕಪ್ಪಾಗಿದೆ. ಅಕ್ಕ ಹೋಗುವಾಗ ಕೊಟ್ಟ ಉಡುಗೊರೆ ಇದು. ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾದವಳು ಅವಳು, ಉಡುಗೊರೆ ನನಗೆ.

ಒಂದೇ ಪಂಪಿದ್ದಾಗ ಬೆಳಗ್ಗೆ ಅದನ್ನು ಎಡಕ್ಕೆ ಅಂಟಿಸುತ್ತಿದ್ದಳು, ಸಂಜೆ ಬಲಕ್ಕೆ. ನಡುವಿನ ಜೀವಂತ ಹವಳಕ್ಕೆ ಎರಡೂ ಕಡೆಯ ನೀರು ಬೇಕಂತೆ. “ನಿನ್ನ ಕೈಲಿ ಇದೆಲ್ಲ ಆಗಲ್ಲ ಕಣೇ. ಕವಿತೆ ಓದ್ತಾ ಕೂತು ಮರೆತುಬಿಡ್ತೀಯ. ಮಿಷನ್ನೇ ಮಾಡ್ಲಿ ಬಿಡು.”

ಕಂಟ್ರೋಲರಿನಲ್ಲಿ ‘ಸಿಂಕ್’ ಒತ್ತಿದೆ. ಎರಡೂ ಒಟ್ಟಿಗೆ ನೀರು ತಳ್ಳುತ್ತವೆ, ಒಟ್ಟಿಗೆ ಸುಮ್ಮನಾಗುತ್ತವೆ. ಎಷ್ಟು ಹೊಂದಾಣಿಕೆ! ನೋಡುತ್ತಾ ಕೂತೆ. ಕಾಫಿ ಆರಿತು.

ಮಾರ್ಚ್ 4

ಕೆಳಗಿನ ಮನೆಯ ದರ್ಜಿಯಮ್ಮ ಬಂದಿದ್ದರು. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು.

“ಏನ್ರೀ, ಮನೇಲಿ ಹಿಟ್ಟಿನ ಗಿರಣಿ ಇಟ್ಟಿದ್ದೀರಾ?”

ಪಂಪಿನ ಕಥೆ ಹೇಳಿದೆ. ಸ್ಟ್ಯಾಂಡಿನಡಿ ರಬ್ಬರ್ ಹಾಳೆ ಹಾಕುತ್ತೇನೆಂದೆ.

“ಮೊದಲಾದ್ರೆ ನಿಮ್ಮಿಬ್ಬರ ಜಗಳ ಕೇಳಿಸೋದು. ಅದೇ ವಾಸಿಯಿತ್ತು ಮಾರಾಯ್ರೆ. ಮಾತು ತಿಳೀದಿದ್ರೂ ಯಾರು ಗೆದ್ರು ಅಂತ ಗೊತ್ತಾಗೋದು.”

ಯಾವಾಗಲೂ ಅಕ್ಕನೇ.

ಮಾರ್ಚ್ 11

ಹವಳ ಮುದುಡಿದೆ. ಬೆರಳಿನಂಥ ಎಳೆಗಳು ಅದಕ್ಕೆ; ಮೂರು ದಿನದಿಂದ ಒಂದು ಬೆರಳೂ ಬಿಚ್ಚಿಲ್ಲ. ಬಣ್ಣ ಬೂದಿ.

ಈ ಮನೆಗೆ ಬಂದ ವರ್ಷ ನಾವಿಬ್ಬರೂ ಹೋಗಿ ತಂದದ್ದು. ಆಗ ಹೆಬ್ಬೆರಳಷ್ಟಿತ್ತು. ಉಳಿದದ್ದೆಲ್ಲ ಅವಳದು, ನನ್ನದು ಎಂದು ಹಂಚಿಹೋಯಿತು. ಇದೊಂದೇ ಇಬ್ಬರದು.

ಅಕ್ವೇರಿಯಂ ಅಂಗಡಿಯವನಿಗೆ ಫೋಟೊ ಕಳಿಸಿದೆ. “ಮೇಡಂ, ಜೀವ ಇರುವಾಗ್ಲೇ ತಂದುಕೊಡಿ. ನನ್ನ ಟ್ಯಾಂಕಲ್ಲಾದ್ರೂ ಬದುಕ್ಕೊಳ್ಳತ್ತೆ.” ಭಾನುವಾರದವರೆಗೆ ನೋಡುತ್ತೇನೆ ಎಂದೆ.

ಮಾರ್ಚ್ 13, ಸಂಜೆ

ಅಕ್ಕನ ಫೋನು.

“ಹವಳ ಹೇಗಿದೆಯೇ?”

“ಚೆನ್ನಾಗಿದೆ.”

“ನೀನು?”

“ನಾನೂ.”

ಹಿಂದಿನಿಂದ ಭಾವ ಏನೋ ಕೂಗಿದರು. “ತಡಿ, ಇವರ ಕನ್ನಡಕ ಕಾಣಿಸ್ತಿಲ್ಲವಂತೆ. ರೀ, ತಲೆ ಮೇಲೇ ಇದೆಯಲ್ಲ!” — ನಕ್ಕಳು. ಆ ನಗು ನಾನು ಮೊದಲು ಕೇಳಿದ್ದಲ್ಲ.

ನನ್ನ ಕನ್ನಡಕ ಇಟ್ಟಲ್ಲೇ ಇರುತ್ತದೆ.

ಮಾರ್ಚ್ 15, ಶನಿವಾರ, ಸಂಜೆ

ಮೀನಿಗೆ ಆಹಾರ ಹಾಕಿದೆ. ಅಂಚಿನಲ್ಲಿ ಬಿದ್ದ ಕಾಳು ಓಡುತ್ತಾ ಬಂತು, ಹವಳದ ಹತ್ತಿರ ಗಕ್ಕನೆ ನಿಂತಿತು. ಆ ಕಡೆಯಿಂದ ಬಂದದ್ದೂ ಅಲ್ಲೇ ನಿಂತಿತು. ಆಮೇಲೆ ಎರಡೂ ಮೆಲ್ಲನೆ ಕೆಳಗಿಳಿದವು. ಬಗ್ಗಿ ನೋಡಿದರೆ ಹವಳದ ಬುಡದಲ್ಲಿ ಪುಟ್ಟ ಮರಳಿನ ದಿಬ್ಬ, ಕಸ.

ಎಂಥ ಪೆದ್ದಿ ನಾನು. ಎದುರುಬದುರು ನಿಂತು ಒಂದೇ ಹೊತ್ತಿಗೆ ತಳ್ಳಿದರೆ ನಡುವೆ ನೀರು ಸತ್ತುಹೋಗುತ್ತದೆ. ಅಂಚಿನಲ್ಲೆಲ್ಲ ಅಬ್ಬರ, ಹವಳಕ್ಕೆ ಉಸಿರಿಲ್ಲ. ಬೆಳಗ್ಗೆ ಎಡಕ್ಕೆ, ಸಂಜೆ ಬಲಕ್ಕೆ — ಅಕ್ಕ ಇಷ್ಟು ವರ್ಷ ಕಣ್ಣೆದುರೇ ಮಾಡುತ್ತಿದ್ದದ್ದು ಇದನ್ನೇ. ನಾನು ಹೊಂದಾಣಿಕೆ ಎಂದು ಮೆಚ್ಚುತ್ತಾ ಕೂತಿದ್ದೆ.

‘ಆಂಟಿ-ಸಿಂಕ್’ ಒತ್ತಿದೆ. ಎಡದ್ದು ತಳ್ಳುವಾಗ ಬಲದ್ದು ಸುಮ್ಮನೆ. ಬಲದ್ದು ತಳ್ಳುವಾಗ ಎಡದ್ದು. ಮುದುಡಿದ ಬೆರಳುಗಳು ಅತ್ತ ಬಾಗಿದವು… ಇತ್ತ ಬಾಗಿದವು. ಅದು ನೀರಿನ ಆಟವೋ, ಜೀವವೋ — ತಿಳಿಯದು. ನಾಳೆ ಭಾನುವಾರ.

ಮಾರ್ಚ್ 16, ಭಾನುವಾರ

ಎರಡು ಬೆರಳು ಬಿಚ್ಚಿವೆ! ಮೂರನೆಯದು ಯೋಚಿಸುತ್ತಿದೆ.

ಅಂಗಡಿಯವನಿಗೆ ಬರುವುದಿಲ್ಲವೆಂದು ಹೇಳಿದೆ. ಅಕ್ಕನಿಗೆ ಹೇಳಬೇಕು. ಆದರೆ ಬದುಕಿಕೊಂಡಿತು ಎನ್ನಲು ಸಾಯುತ್ತಿತ್ತು ಎಂದೂ ಹೇಳಬೇಕಲ್ಲ. ಆಮೇಲೆ ‘ನೀನು?’ ಎಂದು ಮತ್ತೆ ಕೇಳುತ್ತಾಳೆ.

ಫೋನು ಕೈಯಲ್ಲಿತ್ತು. ಬಾಗಿಲ ಗಂಟೆ.

ದರ್ಜಿಯಮ್ಮ. ಗದರಲು ಬಂದರೆಂದುಕೊಂಡೆ. ಇಲ್ಲ — ಮುಖ ಅರಳಿತ್ತು, ಕಂಕುಳಲ್ಲಿ ಪೊಟ್ಟಣ. ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

“ನಿಮ್ಮಕ್ಕ ಹೊಲಿಯೋಕೆ ಕೊಟ್ಟಿದ್ದ ದಿಂಬಿನ ಕವರು, ನನ್ನ ಹತ್ರಾನೇ ಉಳಿದಿತ್ತು. ನಿನ್ನೆ ಸಂಜೆಯಿಂದ ಕೇಳ್ತಾನೇ ಇದ್ದೀನಿ — ಒಬ್ಬರು ಹೇಳೋದು, ಇನ್ನೊಬ್ಬರು ಸ್ವಲ್ಪ ತಡೆದು ಉತ್ತರ ಕೊಡೋದು. ಈ ಸಲ ಜಗಳ ಇಲ್ಲ, ಬರೀ ಮಾತು. ಬಂದಿದ್ದಾರಲ್ಲ, ಕರೀರಿ. ಅವರ ಕೈಗೇ ಕೊಟ್ಟುಹೋಗ್ತೀನಿ.”